ಬತ್ತಿ ಬಾಗಿತು, ಕತ್ತರಿ ಮೂಲೆ ಸೇರಿತು

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಎಂಟನೇ ಹೆನ್ರಿಯ ಲಾಂಛನ ಹೊತ್ತ ಬೆಳ್ಳಿಯ ಕತ್ತರಿಯೊಂದಿದೆ. ಅಲಗಿಗೆ ಪುಟ್ಟ ಡಬ್ಬಿ ಅಂಟಿಕೊಂಡಿದೆ. ಅದು ಬಟ್ಟೆಗಲ್ಲ, ಉರಿಯುತ್ತಿರುವ ಮೇಣದಬತ್ತಿಯ ಕರಿಕುಡಿ ಕತ್ತರಿಸಲು ಮಾಡಿದ್ದು.

ಜೇನುಮೇಣದ ಬತ್ತಿ ಚರ್ಚಿಗೂ ಅರಮನೆಗೂ ಮೀಸಲಾಗಿದ್ದ ಕಾಲವದು. ಯುರೋಪಿನ ಸಾಮಾನ್ಯರ ಮನೆಗಳಲ್ಲಿ ಉರಿಯುತ್ತಿದ್ದುದು ದನ, ಕುರಿಗಳ ಕೊಬ್ಬಿನ ಬತ್ತಿ. ಅದರೊಳಗಿನ ಹೊಸೆದ ನೂಲು ಜ್ವಾಲೆಯ ನಟ್ಟನಡುವೆ ನೆಟ್ಟಗೆ ನಿಲ್ಲುತ್ತಿತ್ತು. ಅಲ್ಲಿಗೆ ಗಾಳಿ ತಲುಪದ ಕಾರಣ ನೂಲು ಬೂದಿಯಾಗದೆ ಕರಿಗಟ್ಟಿ ಬೆಳೆಯುತ್ತಿತ್ತು. ಹೊಗೆ ಹೆಚ್ಚಿ, ಕೊಬ್ಬು ಕರಗಿ ಪಕ್ಕಕ್ಕೆ ಹರಿಯುತ್ತಿತ್ತು. ಬೆಳಕನ್ನು ಅಳೆದು ನೋಡಿದ ವಿಜ್ಞಾನಿ ಕೌಂಟ್ ರಮ್‌ಫೋರ್ಡ್ ಪ್ರಕಾರ, ಕುಡಿ ತೆಗೆಯದೆ ಬಿಟ್ಟರೆ 100ರಷ್ಟಿದ್ದ ಬೆಳಕು 11 ನಿಮಿಷಕ್ಕೆ 39ಕ್ಕೆ, 29 ನಿಮಿಷಕ್ಕೆ 16ಕ್ಕೆ ಇಳಿಯುತ್ತಿತ್ತು. ಓದುವವರು, ಹೊಲಿಯುವವರು ಮತ್ತೆ ಮತ್ತೆ ಎದ್ದು ಕತ್ತರಿ ಹಿಡಿಯಲೇಬೇಕಿತ್ತು. ರಂಗಮಂದಿರಗಳಲ್ಲಂತೂ ಇದಕ್ಕೆಂದೇ ಆಳುಗಳಿದ್ದರು.

ಕತ್ತರಿಸಿದ ಕೆಂಡ ಮೇಜಿನ ಮೇಲೆ ಬಿದ್ದರೆ ಅನಾಹುತ, ಬಿಟ್ಟರೆ ನಾತ. ಡಬ್ಬಿ ಅದನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಹಿಡಿ ಮೇಜಿಗೆ ತಾಗದಂತೆ ಕೆಳಗೆ ಮೋಟುಗಾಲು, ಇಡಲು ತಟ್ಟೆ, ಕೆಂಡ ಹೊರಬೀಳದಂತೆ ಸ್ಪ್ರಿಂಗು ಹೀಗೆ ಸುಧಾರಣೆಗಳು ಬಂದವು. 1776ರಲ್ಲಿ ಕ್ರಿಸ್ಟೋಫರ್ ಪಿಂಚ್‌ಬೆಕ್ ಇಂಥ ಕತ್ತರಿಗೆ ಪೇಟೆಂಟನ್ನೂ ಪಡೆದ. ಬತ್ತಿ ಆರಿಸುವ ಉಪಕರಣಗಳೇ ಬೇರೆ: ಜ್ವಾಲೆಯ ಮೇಲೆ ಕವುಚುವ ಲೋಹದ ಕುಲಾವಿ, ಎರಡು ಬಿಲ್ಲೆಗಳ ನಡುವೆ ಬತ್ತಿಯನ್ನು ಅಮುಕುವ ಇಕ್ಕಳ.

ಎಲ್ಲರೂ ಕತ್ತರಿಯನ್ನು ತಿದ್ದುತ್ತಿದ್ದಾಗ ಪರಿಹಾರ ಬಂದದ್ದು ನೂಲಿನಿಂದ. 1820ರ ದಶಕದಲ್ಲಿ ಫ್ರಾನ್ಸಿನ ಕಾಂಬಾಸೆರೆಸ್ ಬತ್ತಿಯ ನೂಲನ್ನು ಹೊಸೆಯುವ ಬದಲು ಜಡೆಯಂತೆ ಹೆಣೆದ. ಹೆಣೆದ ಬತ್ತಿ ಉರಿಯುತ್ತಾ ಬಾಗುತ್ತದೆ. ತುದಿ ಜ್ವಾಲೆಯ ಅಂಚಿಗೆ ಬಂದು, ಗಾಳಿ ಸಿಕ್ಕಿ ತಾನೇ ಬೂದಿಯಾಗುತ್ತದೆ. ಅದೇ ಹೊತ್ತಿಗೆ, 1825ರಲ್ಲಿ, ರಸಾಯನ ವಿಜ್ಞಾನಿಗಳಾದ ಶೆವ್ರಲ್ ಮತ್ತು ಗೇ-ಲುಸಾಕ್ ಕೊಬ್ಬಿನಿಂದ ಬೇರ್ಪಡಿಸಿದ ಗಟ್ಟಿಯಾದ ಸ್ಟಿಯರಿಕ್ ಆಮ್ಲದ ಬತ್ತಿಗೆ ಪೇಟೆಂಟ್ ಪಡೆದರು. ಆಮೇಲೆ ಪ್ಯಾರಫಿನ್ ಮೇಣವೂ ಬಂತು.

ಕುಲಾವಿ ಇಂದಿಗೂ ಚರ್ಚುಗಳಲ್ಲಿ ಬಳಕೆಯಲ್ಲಿದೆ, ಏಕೆಂದರೆ ಹಚ್ಚಿದ ದೀಪವನ್ನು ಆರಿಸಲೇಬೇಕು. ಕತ್ತರಿ ಹುಟ್ಟಿದ್ದು ಮಾತ್ರ ಬತ್ತಿಯ ದೋಷದಿಂದ. ದೋಷ ಹೋದ ಮೇಲೆ ಬೆಳ್ಳಿಯದಾದರೂ ಅದಕ್ಕೆ ಮನೆಯಲ್ಲಿ ಕೆಲಸ ಉಳಿಯಲಿಲ್ಲ.