ಅಕ್ಕಿಯ ಲೆಕ್ಕಕ್ಕೆ ಎಳೆದ ಗೆರೆ

ಮದುವೆ ಆರ್ಡರ್ ಬಂದೊಡನೆ ನಮ್ಮಲ್ಲಿ ಮೊದಲ ಪ್ರಶ್ನೆ: ಇಷ್ಟು ಎಲೆಗೆ ಅಕ್ಕಿ ಎಷ್ಟು? ಹಿಂದೆ ಅಡುಗೆ ಭಟ್ಟರು ಬಾಯಲ್ಲೇ ಹೇಳುತ್ತಿದ್ದರು. ಈಗ ಮಕ್ಕಳು ಹಳೆಯ ಆರ್ಡರುಗಳನ್ನು ಕಂಪ್ಯೂಟರಿನಲ್ಲಿ ಚುಕ್ಕಿಗಳಾಗಿ ಇಟ್ಟು, ನಡುವೆ ನೇರ ಗೆರೆ ಎಳೆದು ಕೊಡುತ್ತಾರೆ. ಇದೇ ಲೀನಿಯರ್ ರಿಗ್ರೆಷನ್.

ಗೆರೆ ‘2 ಕಿಲೋ, ಮೇಲೆ ಎಲೆಗೆ 90 ಗ್ರಾಂ’ ಎಂದಿತೆನ್ನಿ. 500 ಎಲೆಗೆ 47 ಕಿಲೋ ಆಯಿತು. ಒಂದು ಎಲೆ ಹೆಚ್ಚಿದರೆ ಸರಾಸರಿ ಎಷ್ಟು ಅಕ್ಕಿ ಹೆಚ್ಚು ಎಂಬುದನ್ನು 90 ಗ್ರಾಂ ಹೇಳುತ್ತದೆ. ಆ 2 ಕಿಲೋಗೆ ಬಹಳ ಅರ್ಥ ಹುಡುಕಬೇಡಿ. ಎಲೆಯೇ ಇಲ್ಲದ ಊಟ ಯಾರು ಮಾಡಿಸುತ್ತಾರೆ?

ಇಂಥ ಗೆರೆ ನಂಬಿ ನಾವೊಮ್ಮೆ ಕೆಟ್ಟೆವು. ಮುಹೂರ್ತದ ಊಟದಲ್ಲಿ ಕೊನೆಯ ಪಂಕ್ತಿಗೆ ಅನ್ನ ಸಾಲಲಿಲ್ಲ. ಯಜಮಾನರ ಮುಂದೆ ತಲೆ ತಗ್ಗಿಸಿದೆವು. ಅದೇ ವಾರ ರಿಸೆಪ್ಷನ್ನಿನಲ್ಲಿ ಅನ್ನ ಮಿಕ್ಕಿತು. ಚಿತ್ರ ತೆಗೆದು ನೋಡಿದರೆ, ಮಧ್ಯಾಹ್ನದ ಚುಕ್ಕಿಗಳೆಲ್ಲ ಗೆರೆಯ ಮೇಲೆ, ಸಂಜೆಯವೆಲ್ಲ ಕೆಳಗೆ! ಚಾಟ್, ಪಲಾವ್ ಇರುವಲ್ಲಿ ಬಿಳಿ ಅನ್ನ ಯಾರಿಗೆ ಬೇಕು? ನಡುವೆ ಹೋದ ಗೆರೆ ಎರಡಕ್ಕೂ ಹೊಂದಲಿಲ್ಲ.

1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೋಂಬ್ ತಲಾ 11 ಜೋಡಿ ಅಂಕಿಗಳ ನಾಲ್ಕು ಪಟ್ಟಿ ಕೊಟ್ಟರು. ನಾಲ್ಕಕ್ಕೂ ಹೆಚ್ಚುಕಡಿಮೆ ಒಂದೇ ಗೆರೆ. ‘ಆರ್ ಸ್ಕ್ವೇರ್’ ಕೂಡ ಸುಮಾರು 0.67. ಚಿತ್ರ ಬಿಡಿಸಿದಾಗ ಒಂದಕ್ಕೆ ಮಾತ್ರ ಗೆರೆ ಒಪ್ಪುತ್ತದೆ. ಇನ್ನೊಂದರಲ್ಲಿ ಚುಕ್ಕಿಗಳು ಕಮಾನಿನಂತೆ ಬಾಗಿವೆ. ಉಳಿದೆರಡರಲ್ಲಿ ಒಂಟಿ ಚುಕ್ಕಿಯೊಂದು ಗೆರೆಯನ್ನೇ ತನ್ನತ್ತ ಎಳೆದುಕೊಂಡಿದೆ.

ಈಗ ನಾವು ಮಧ್ಯಾಹ್ನಕ್ಕೊಂದು, ಸಂಜೆಗೊಂದು ಗೆರೆ ಇಟ್ಟಿದ್ದೇವೆ. ನಮ್ಮ ಚುಕ್ಕಿಗಳು 800 ಎಲೆಗೇ ಮುಗಿಯುತ್ತವೆ. 2,000 ಎಲೆಯ ಆರ್ಡರ್ ಬಂದರೆ ಇಂದಿಗೂ ಭಟ್ಟರನ್ನೇ ಕೇಳುತ್ತೇವೆ.