ಸರ್ವರಿನ ದಿನಚರಿ ನೋಡಿಕೊಳ್ಳುವ ಕ್ರಾನ್

ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಅಂಚು, ಸೆರಗುಗಳನ್ನು ನೀವು ನೋಡಿರುತ್ತೀರಿ. ಜಕಾರ್ಡ್ ಜೋಡಿಸಿದ ಮಗ್ಗದಲ್ಲಿ ವಿನ್ಯಾಸವನ್ನು ರಟ್ಟಿನ ಪಟ್ಟಿಗಳಲ್ಲಿ ರಂಧ್ರಗಳಾಗಿ ಒಮ್ಮೆ ಕೊರೆದಿಟ್ಟರೆ ಸಾಕು. ಯಾವ ಎಳೆ ಮೇಲೇಳಬೇಕೆಂಬುದನ್ನು ಆ ಪಟ್ಟಿಯೇ ನಿರ್ಧರಿಸುತ್ತದೆ. ಆದರೆ ಹಾಸಿನ ಎಳೆಯೊಂದು ಕಡಿದರೆ ಪಟ್ಟಿಗೆ ಅದು ತಿಳಿಯದು. ನೇಕಾರರ ಕಣ್ಣಿಗೇ ಬೀಳಬೇಕು. ಗಣಕಕ್ಕೆ ದಿನನಿತ್ಯದ ಕೆಲಸ ಒಪ್ಪಿಸಿದಾಗಲೂ ಹೀಗೆಯೇ.

ನಿಮ್ಮ ಶಾಲೆಯ ಗಣಕ ಕೊಠಡಿಯಲ್ಲಿ ಲಿನಕ್ಸ್ ಸರ್ವರ್ ಒಂದಿದೆ ಎಂದುಕೊಳ್ಳಿ. ಹಾಜರಾತಿ, ಅಂಕಪಟ್ಟಿ, ವಿದ್ಯಾರ್ಥಿಗಳ ಕಡತಗಳು ಅದರಲ್ಲಿವೆ. ದಿನವೂ ಅವುಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿಡಬೇಕು, ಹಳೆಯ ತಾತ್ಕಾಲಿಕ ಕಡತಗಳನ್ನು ಅಳಿಸಬೇಕು, ಡಿಸ್ಕಿನಲ್ಲಿ ಎಷ್ಟು ಜಾಗ ಉಳಿದಿದೆ ಎಂದು ನೋಡಬೇಕು. ಯಾವುದೂ ಕಷ್ಟದ ಕೆಲಸವಲ್ಲ, ಮರೆತುಹೋಗುವುದೂ ಅದಕ್ಕೇ.

ಇಂಥ ಆದೇಶಗಳನ್ನು ಸಾಲಾಗಿ ಒಂದು ಕಡತದಲ್ಲಿ ಬರೆದರೆ ಅದು ಶೆಲ್ ಸ್ಕ್ರಿಪ್ಟ್. ಅದನ್ನು ಹೊತ್ತಿಗೆ ಸರಿಯಾಗಿ ನಡೆಸುವ ತಂತ್ರಾಂಶವೇ ಕ್ರಾನ್. 1979ರಲ್ಲಿ ಬಂದ ಯೂನಿಕ್ಸ್‌ನ 7ನೇ ಆವೃತ್ತಿಯಲ್ಲಿ ಇದು ಇತ್ತು. 1987ರಲ್ಲಿ ಪಾಲ್ ವಿಕ್ಸಿ ಬರೆದ ಕ್ರಾನ್ ಮುಂದೆ ಲಿನಕ್ಸ್‌ನಲ್ಲಿ ಬಳಕೆಗೆ ಬಂತು. ಕ್ರಾನ್ ಪ್ರತಿ ನಿಮಿಷ ಎಚ್ಚರಗೊಂಡು ತನ್ನ ಪಟ್ಟಿಯನ್ನು, ಅಂದರೆ ಕ್ರಾನ್‌ಟ್ಯಾಬನ್ನು ನೋಡುತ್ತದೆ. ಅದರ ಒಂದು ಸಾಲು ಹೀಗೆ ಆರಂಭವಾಗಬಹುದು:

30 13 * * 1-6

ಇವು ಕ್ರಮವಾಗಿ ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ. ನಕ್ಷತ್ರ ಚಿಹ್ನೆಗೆ ‘ಯಾವುದಾದರೂ ಸರಿ’ ಎಂಬ ಅರ್ಥ. ಸೋಮವಾರದಿಂದ ಶನಿವಾರದವರೆಗೆ ಮಧ್ಯಾಹ್ನ 1 ಗಂಟೆ 30 ನಿಮಿಷಕ್ಕೆ ಎಂದಾಯಿತು. ಇದರ ಮುಂದೆ ಸ್ಕ್ರಿಪ್ಟ್ ಎಲ್ಲಿದೆಯೆಂದು ಬರೆಯಬೇಕು.

ಪುಸ್ತಕಗಳಲ್ಲಿ ಸಾಮಾನ್ಯವಾಗಿ ರಾತ್ರಿ 2 ಗಂಟೆಯ ಉದಾಹರಣೆ ಇರುತ್ತದೆ. ಸಂಜೆ ಗಣಕ ಆರಿಸಿ ಬೀಗ ಹಾಕುವ ಶಾಲೆಗೆ ಅದು ಹೊಂದದು. ಆ ನಿಮಿಷದಲ್ಲಿ ಯಂತ್ರ ಆರಿದ್ದರೆ ಕ್ರಾನ್ ಆ ಕೆಲಸವನ್ನು ಬಿಟ್ಟೇಬಿಡುತ್ತದೆ, ಆಮೇಲೆ ಮಾಡುವುದಿಲ್ಲ. ಮಧ್ಯಾಹ್ನದ ಹೊತ್ತಿಗೂ ಕರೆಂಟು ಹೋಗಬಹುದಲ್ಲ! ಅದಕ್ಕಾಗಿ ಆನಾಕ್ರಾನ್ ಇದೆ. ಅದು ನಿಮಿಷ ಎಣಿಸುವುದಿಲ್ಲ, ದಿನ ಎಣಿಸುತ್ತದೆ. ಕೆಲಸ ಕೊನೆಯದಾಗಿ ನಡೆದ ದಿನಾಂಕವನ್ನು ಬರೆದಿಟ್ಟುಕೊಂಡು, ಬಾಕಿಯಿದ್ದರೆ ಯಂತ್ರ ಚಾಲೂ ಆದ ಸ್ವಲ್ಪ ಹೊತ್ತಿಗೆ ಮಾಡಿಸುತ್ತದೆ. ಈಗಿನ ಲಿನಕ್ಸ್‌ಗಳ ಸಿಸ್ಟಮ್‌ಡಿ ಟೈಮರಿನಲ್ಲೂ ‘ಪರ್ಸಿಸ್ಟೆಂಟ್’ ಎಂಬ ಆಯ್ಕೆ ಇದೇ ಉಪಕಾರ ಮಾಡುತ್ತದೆ. ನಮ್ಮ ಊರುಗಳ ಶಾಲೆಗಳಿಗೆ ಇವೇ ಹೆಚ್ಚು ತಕ್ಕವು.

ಇನ್ನು ಕಡಿದ ಎಳೆಯ ವಿಚಾರ. ಕೈಯಿಂದ ನಡೆಸಿದಾಗ ಸರಿಯಾಗಿದ್ದ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ಕೆಡುವುದುಂಟು. ನಿಮ್ಮ ಲಾಗಿನ್‌ನಲ್ಲಿ ಆದೇಶಗಳನ್ನು ಹುಡುಕುವ ತಾಣಗಳ ಪಟ್ಟಿ ಉದ್ದವಾಗಿರುತ್ತದೆ, ಕ್ರಾನ್‌ನಲ್ಲಿ ಚಿಕ್ಕದು. ಆದ್ದರಿಂದ ಪ್ರತಿ ಆದೇಶಕ್ಕೂ ಪೂರ್ಣ ದಾರಿ ಬರೆಯುವುದು ಲೇಸು. ತಪ್ಪಿನ ಸಂದೇಶವನ್ನು ಕ್ರಾನ್ ಮೇಲ್ ಮಾಡುತ್ತದೆ, ನಿಜ. ಆದರೆ ಮೇಲ್ ವ್ಯವಸ್ಥೆಯೇ ಇಲ್ಲದಿದ್ದರೆ?

ದೊಡ್ಡವರಿಗೂ ಇದು ತಪ್ಪಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು ಬೇರೆ ಸರ್ವರ್ ಎಂದು ತಿಳಿದು ಮುಖ್ಯ ದತ್ತಸಂಚಯವನ್ನೇ ಅಳಿಸಿದರು. ದಿನದ ಪ್ರತಿ ಇರಬೇಕಿದ್ದ ಜಾಗ ನೋಡಿದರೆ ಖಾಲಿ! ಪ್ರತಿ ತೆಗೆಯುವ ತಂತ್ರಾಂಶದ ಆವೃತ್ತಿ 9.2, ದತ್ತಸಂಚಯದ್ದು 9.6, ಹೊಂದಿಕೆಯಾಗದೆ ಆ ಕೆಲಸ ಪ್ರತಿಸಲ ವಿಫಲವಾಗುತ್ತಿತ್ತು. ಎಚ್ಚರಿಕೆಯ ಮೇಲ್‌ಗಳು ತಿರಸ್ಕೃತವಾಗುತ್ತಿದ್ದುದರಿಂದ ಯಾರಿಗೂ ತಿಳಿದಿರಲಿಲ್ಲ. ಸುಮಾರು ಆರು ಗಂಟೆ ಹಿಂದಿನ ಇನ್ನೊಂದು ಪ್ರತಿ ಅದೃಷ್ಟಕ್ಕೆ ಸಿಕ್ಕಿತು. ಆ ಆರು ಗಂಟೆಗಳ ದತ್ತಾಂಶ ಹೋಯಿತು.

ಹಾಗಾಗಿ ಸ್ಕ್ರಿಪ್ಟಿನಲ್ಲೇ ಪರೀಕ್ಷೆ ಸೇರಿಸಿ. ಲಿನಕ್ಸ್‌ನಲ್ಲಿ ಪ್ರತಿ ಆದೇಶ ಮುಗಿದಾಗ ಒಂದು ಸಂಖ್ಯೆ ಉಳಿಯುತ್ತದೆ: ಸೊನ್ನೆಯಾದರೆ ಯಶಸ್ಸು, ಬೇರೆ ಯಾವುದಾದರೂ ವೈಫಲ್ಯ. ಆ ಸಂಖ್ಯೆ, ದಿನಾಂಕ ಮತ್ತು ಪ್ರತಿಯ ಗಾತ್ರವನ್ನು ಒಂದು ಕಡತಕ್ಕೆ ಬರೆಸಿ. ನಿನ್ನೆ 40 ಮೆಗಾಬೈಟ್ ಇದ್ದದ್ದು ಇಂದು 2 ಕಿಲೋಬೈಟ್ ಆಗಿದ್ದರೆ ನೋಡಿದೊಡನೆ ಗೊತ್ತಾಗುತ್ತದೆ. ತಿಂಗಳಿಗೊಮ್ಮೆ ಯಾವುದಾದರೂ ಒಂದು ಅಂಕಪಟ್ಟಿಯನ್ನು ಪ್ರತಿಯಿಂದ ಬೇರೊಂದು ಗಣಕಕ್ಕೆ ತೆಗೆದು, ಮೂಲದೊಂದಿಗೆ ಹೋಲಿಸುವ ಕೆಲಸವನ್ನು ವಿದ್ಯಾರ್ಥಿಗಳ ಎದುರೇ ಮಾಡಬಹುದು. ಒಂದು ಪಿರಿಯಡ್ ಸಾಕು.