ಅವಳಿ ಬಸುರಿಗೆ ಬೆಡ್ ರೆಸ್ಟೇ ಮದ್ದೇ?

ಸ್ಕ್ಯಾನಿಂಗಿನಲ್ಲಿ ಅವಳಿ ಎಂದು ಗೊತ್ತಾದ ಕೂಡಲೇ ಮನೆಯವರೆಲ್ಲ ಹೇಳುವುದು ಒಂದೇ ಮಾತು: ‘ಮಂಚ ಬಿಟ್ಟು ಇಳೀಬೇಡಮ್ಮ.’ ಅವಳಿ, ತ್ರಿವಳಿಗಳಲ್ಲಿ ದಿನ ತುಂಬುವ ಮೊದಲೇ ಹೆರಿಗೆಯಾಗುವ ಭಯ ನಿಜಕ್ಕೂ ಹೆಚ್ಚು. ಆಸ್ಪತ್ರೆಯಲ್ಲೇ ಮಲಗಿಸಿಬಿಟ್ಟರೆ ಕ್ಷೇಮ ಅನ್ನಿಸುವುದು ಸಹಜ. ಆದರೆ ಇದನ್ನು ಪರೀಕ್ಷಿಸಿಯೇ ನೋಡಿದ್ದಾರೆ. 1980ರ ದಶಕದಲ್ಲಿ ಜಿಂಬಾಬ್ವೆಯ ಹರಾರೆಯಲ್ಲಿ ಸಂಶೋಧಕಿ ಕ್ಯಾರೊಲಿನ್ ಕ್ರೌದರ್ ಮತ್ತು ಸಂಗಡಿಗರು ಅವಳಿ ಹೊತ್ತ ಕೆಲವರನ್ನು ಆಸ್ಪತ್ರೆಯಲ್ಲಿ ಮಲಗಿಸಿ, ಉಳಿದವರನ್ನು ಮನೆಯಲ್ಲೇ ಬಿಟ್ಟು ಹೋಲಿಸಿದರು. ಅವಧಿಗೆ ಮುಂಚಿನ ಹೆರಿಗೆ ಕಡಿಮೆಯಾಗಲಿಲ್ಲ. ಇಂಥ 6 ಪ್ರಯೋಗಗಳ 636 ತಾಯಂದಿರ ಮಾಹಿತಿಯನ್ನು ಒಟ್ಟಿಗೆ ನೋಡಿದ 2017ರ ಕಾಕ್ರೇನ್ ವಿಮರ್ಶೆಗೂ ಬೆಡ್ ರೆಸ್ಟಿನಿಂದ ಲಾಭವಿದೆ ಎನ್ನಲು ಪುರಾವೆ ಸಿಗಲಿಲ್ಲ.

‘ಲಾಭ ಇಲ್ಲದಿದ್ದರೆ ಹೋಗಲಿ, ನಷ್ಟ ಏನು?’ ಎಂದು ಕೇಳುತ್ತೀರಿ. ನಷ್ಟ ಇದೆ. ಬಸುರಿಯ ರಕ್ತ ಮೊದಲೇ ಬೇಗ ಹೆಪ್ಪುಗಟ್ಟುವಂಥದ್ದು. ವಾರಗಟ್ಟಲೆ ಮಲಗಿದರೆ ಮೀನಖಂಡದ ರಕ್ತನಾಳದಲ್ಲಿ ಹೆಪ್ಪು ಕಟ್ಟಿ, ಅದು ಕಳಚಿ ಶ್ವಾಸಕೋಶ ಸೇರಿದರೆ ಜೀವಕ್ಕೇ ಅಪಾಯ. ಮೂಳೆ ಸವೆಯುತ್ತದೆ, ಸ್ನಾಯು ಸೊರಗುತ್ತದೆ. ನಾಳೆ ಎರಡು ಕೂಸುಗಳನ್ನು ಎತ್ತಬೇಕಾದ ತೋಳುಗಳವು. ಕೂಲಿ ಮಾಡುವ ಮನೆಯಾದರೆ ದುಡಿಮೆಯೂ ನಿಂತಿತು.

ಹಾಗಾದರೆ ಆಸ್ಪತ್ರೆ ಸೇರುವುದೇ ಬೇಡವೇ? ರಕ್ತಸ್ರಾವವಾದರೆ, ಬಿಪಿ ಏರಿದರೆ, ನೀರು ಒಡೆದರೆ, ನೋವು ಶುರುವಾದರೆ ತಡಮಾಡದೆ ಸೇರಲೇಬೇಕು. ಅಲ್ಲಿ ಕಾಪಾಡುವುದು ಸತತ ನಿಗಾ, ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್, ಪಕ್ಕದಲ್ಲೇ ಇರುವ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ). ಮಲಗಿಯೇ ಇರಿ ಎಂದು ಡಾಕ್ಟರು ಹೇಳಿದರೆ ಕೇಳಿ ತಿಳಿದುಕೊಳ್ಳಿ: ಯಾವ ಕಾರಣಕ್ಕೆ, ಎಷ್ಟು ದಿನ, ವಾರ್ಡಿನಲ್ಲಿ ನಾಲ್ಕು ಹೆಜ್ಜೆ ನಡೆಯಬಹುದೇ?